ಎರಡೂ ಎಡಗೊಂಬು

ನಮ್ಮ ಮನೆಯ ಮುಂದಿನ ಕೋಣೆಯ ಗೋಡೆಯಲ್ಲಿ ಹತ್ತೊಂಬತ್ತು ಮೊಳೆಗಳಿವೆ. ಒಂದರಲ್ಲೂ ಏನೂ ನೇತಾಡುತ್ತಿಲ್ಲ. ಮೊದಲ ಸಲ ಬಂದವರು ಗೋಡೆ ನೋಡಿ, "ಏನ್ರೀ, ಮನೆ ಖಾಲಿ ಮಾಡ್ತಿದೀರಾ?" ಎಂದು ಕೇಳುತ್ತಾರೆ. ನಾನು ಕಾಫಿ ತರುವ ನೆವದಲ್ಲಿ ಒಳಗೆ ಹೋಗುತ್ತೇನೆ. ಸಮಯಕ್ಕೆ ಸರಿಯಾಗಿ ಒಳಗೆ ಹೋಗಿಬಿಡುವುದು ನನಗೆ ಚೆನ್ನಾಗಿ ಬರುತ್ತದೆ. ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನ ಗಂಡನ ಕಸುಬು ಸೂಟ್‌ಕೇಸು ರಿಪೇರಿ. ಬಸ್ ನಿಲ್ದಾಣದ ಹಿಂಬದಿಯಲ್ಲಿ, ಒಂದು ಲಾಡ್ಜಿನ ಮೆಟ್ಟಿಲ ಕೆಳಗೆ ಅವರ ಅಂಗಡಿ. ಇಬ್ಬರು ಒಳಗೆ ಕೂತರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕು. ಮುರಿದ ಹಿಡಿ, ಕಿತ್ತ ಜಿಪ್ಪು, ತಿರುಗದ ಚಕ್ರ, ಬಾಯಿ ಮುಚ್ಚದ ಟ್ರಂಕು, ಎಲ್ಲವೂ ಅವರ ಹತ್ತಿರ ಬರುತ್ತವೆ. ಮೇಣದ ದಾರ ಪೋಣಿಸಿದ ದಬ್ಬಣ ಹಿಡಿದು ಅವರು ಹೊಲಿಗೆ ಹಾಕಿದರೆ ಆ ಜಾಗ ಬಿಟ್ಟು ಬೇರೆ ಕಡೆ ಹರಿಯಬೇಕೇ ಹೊರತು ಅಲ್ಲಿ ಹರಿಯುವುದಿಲ್ಲ. ಮಾತು ಕಡಿಮೆ. ಒಂದು ದಿನಕ್ಕೆ ಅವರು ಆಡುವ ಮಾತನ್ನು ನಾನು ಹಲ್ಲುಜ್ಜುವುದರೊಳಗೆ ಆಡಿ ಮುಗಿಸುತ್ತೇನೆ.

ಊರಿನವರ ಪೆಟ್ಟಿಗೆಗಳನ್ನೆಲ್ಲ ಪ್ರಯಾಣಕ್ಕೆ ಸಜ್ಜು ಮಾಡುವ ಈ ಮನುಷ್ಯ ಮಾತ್ರ ಎಲ್ಲಿಗೂ ಹೋದವರಲ್ಲ. ಬಸ್ಸು ಮೊದಲನೇ ತಿರುವು ತೆಗೆದುಕೊಳ್ಳುವುದರೊಳಗೆ ಅವರ ಮುಖ ಬಿಳಿಚಿಕೊಳ್ಳುತ್ತದೆ, ಎರಡನೇ ತಿರುವಿಗೆ ಪಕ್ಕದವರು ಸೀಟು ಬಿಟ್ಟು ಏಳುತ್ತಾರೆ. ಮದುವೆಯಾಗಿ ಈ ಊರಿಗೆ ಬರುವಾಗ ನನ್ನನ್ನೂ ನನ್ನ ಟ್ರಂಕನ್ನೂ ಬಸ್ಸಿಗೆ ಹತ್ತಿಸಿ ತಾವು ಸೈಕಲ್ಲಿನಲ್ಲಿ ಬಂದರು. ನಾನು ನಿಲ್ದಾಣದಲ್ಲಿ ಇಳಿದು ಟ್ರಂಕಿನ ಮೇಲೆ ಕೂತು ಮೂರು ಗಂಟೆ ಗಂಡನಿಗೆ ಕಾದೆ. ಹೊಸ ಮದುವಣಗಿತ್ತಿಯನ್ನು ಯಾರೋ ಬಿಟ್ಟುಹೋಗಿದ್ದಾರೆಂದು ಕಂಡಕ್ಟರನೊಬ್ಬ ಬಿಸ್ಕತ್ತು ಕೊಟ್ಟ. ನಾನು ತಿಂದೆ.

ಅವರ ಅಂಗಡಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಪೆಟ್ಟಿಗೆಯ ಒಳಗಿನ ಲೈನಿಂಗ್ ಬಟ್ಟೆ ಹರಿದಿರುತ್ತದಲ್ಲ, ಅದರ ಹಿಂದೆ ಏನಾದರೂ ಸಿಕ್ಕಿಕೊಂಡಿರುವುದು ಮಾಮೂಲು. ಹೋಟೆಲಿನ ಹಿತ್ತಾಳೆಯ ಬೀಗದ ಕೈ, ಸಮುದ್ರದ ಚಿಪ್ಪು, ತೂತಿರುವ ಯಾವುದೋ ದೇಶದ ನಾಣ್ಯ, ಬೆರಳುದ್ದದ ಮರದ ದೋಣಿ. ಅಂಥದ್ದು ಸಿಕ್ಕರೆ ಮೊದಲು ಪೆಟ್ಟಿಗೆ ತಂದವರಿಗೆ ಕೊಡಬೇಕು. ಅವರು ಆಗಲೇ ಪೆಟ್ಟಿಗೆ ಒಯ್ದು ಬಸ್ಸು ಹತ್ತಿದ್ದರೆ, ವಸ್ತುವಿಗೆ ತಾರೀಕಿನ ಚೀಟಿ ಕಟ್ಟಿ ಅಂಗಡಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಬೇಕು. ಒಂದು ವರ್ಷ ಅದು ಅಲ್ಲಿರಬೇಕು. ಕೇಳಿಕೊಂಡು ಯಾರೂ ಬರದಿದ್ದರೆ ಆಮೇಲೆ ರಿಪೇರಿಯವನದು. ಇದು ಅವರಿಗೆ ಕೆಲಸ ಕಲಿಸಿದ ಮುದುಕ ಹಾಕಿಕೊಟ್ಟ ನಿಯಮ. "ಗಿರಾಕಿ ಬೀಗದ ಕೈ ನಮ್ಮ ಕೈಗೆ ಕೊಟ್ಟ ಮೇಲೆ ನಮ್ಮ ಕೈಗೆ ನಾವೇ ಬೀಗ ಹಾಕ್ಕೋಬೇಕು" ಎಂದು ಆತ ಹೇಳುತ್ತಿದ್ದನಂತೆ. ವರ್ಷ ತುಂಬಿದ್ದನ್ನು ಇವರು ಮನೆಗೆ ತಂದು ಮಂಚದ ಕೆಳಗಿನ ಡಬ್ಬದಲ್ಲಿ ಹಾಕುತ್ತಿದ್ದರು. ಚೀಟಿಯನ್ನು ಮಾತ್ರ ಬಿಚ್ಚಿ ಅಂಗಡಿಯ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದರು. ವರ್ಷ ತುಂಬಿದ ಮೇಲೆ ಚೀಟಿ ಯಾಕೆ ಎಂದರೆ, "ಇರಲಿ ಬಿಡು" ಅನ್ನುವರು.

ಡಬ್ಬದಲ್ಲಿದ್ದದ್ದನ್ನು ಗೋಡೆಗೆ ತಂದವಳು ನಾನು.

ನನಗೊಬ್ಬಳು ಅಕ್ಕ ಇದ್ದಾಳೆ, ಇದೇ ಊರಿನಲ್ಲಿ. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು ನಾವು. ಅವಳನ್ನು ಮದುವೆಯಾದ ಭಾವ ದೊಡ್ಡ ಔಷಧಿ ಕಂಪನಿಯಲ್ಲಿದ್ದರು, ತಿಂಗಳಲ್ಲಿ ಇಪ್ಪತ್ತು ದಿನ ಪ್ರವಾಸ. ಅಕ್ಕನ ಮನೆಯ ಹಾಲಿನಲ್ಲಿ ಗಾಜಿನ ಬೀರು, ಅದರೊಳಗೆ ಸಣ್ಣ ದೀಪ, ದೀಪದ ಕೆಳಗೆ ಭಾವ ತಂದ ಗೊಂಬೆ, ಗಡಿಯಾರ, ಬಣ್ಣದ ತಟ್ಟೆ. ಹೋದಾಗಲೆಲ್ಲ ಅಕ್ಕ ಬೀರು ತೆಗೆದು ಒಂದೊಂದನ್ನೇ ಕೈಗೆ ಕೊಟ್ಟು, "ಇದು ಎಲ್ಲಿಂದ ಬಂತು ಹೇಳು ನೋಡೋಣ" ಅನ್ನುವಳು. ನನಗೇನು ಗೊತ್ತು? ನನ್ನ ಗಂಡ ನೋಡಿದ ದೂರದ ಊರೆಂದರೆ ನನ್ನ ತವರು, ಅದೂ ಸೈಕಲ್ಲಿನಲ್ಲಿ. ಅಕ್ಕ ಜಂಬದವಳಲ್ಲ, ಈಗ ಗೊತ್ತಾಗುತ್ತದೆ. ಆಗ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಪಟ್ಟೆ.

ಹೀಗಿರುವಾಗ ಒಂದು ದಿನ ಅಕ್ಕ ನಮ್ಮ ಮನೆಗೆ ಬರುವವಳಿದ್ದಳು. ನಾನು ಬೆಳಿಗ್ಗೆಯೇ ಮಂಚದ ಕೆಳಗಿನ ಡಬ್ಬ ಎಳೆದು ಚಿಪ್ಪು, ದೋಣಿ, ಬೀಗದ ಕೈಯನ್ನು ಒರೆಸಿ ಗೋಡೆಗೆ ತೂಗುಹಾಕಿದೆ. ಅಕ್ಕ ಬಂದು ಚಪ್ಪಲಿ ಬಿಡುವ ಮೊದಲೇ ಕಣ್ಣರಳಿಸಿದಳು.

"ಇದೆಲ್ಲ ಎಲ್ಲಿಂದ ಬಂತೇ?"

"ಇವರದು" ಅಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ನಾಲಿಗೆಗೆ ಎಲುಬಿಲ್ಲ ನೋಡಿ. "ಮದುವೆಗೆ ಮುಂಚೆ ಎರಡು ವರ್ಷ ಒಬ್ಬ ದೊಡ್ಡ ಸಾಹೇಬರ ಜೊತೆ ದೇಶ ಸುತ್ತಿದ್ರಲ್ಲ. ಸಾಹೇಬರ ಸಾಮಾನಿಗೆಲ್ಲ ಇವರದೇ ಉಸ್ತುವಾರಿ. ಹಡಗೇನು, ಕಾಡೇನು."

"ಅಯ್ಯೋ, ಬಸ್ಸಲ್ಲಿ ಕೂತರೆ ಆಗಲ್ಲ ಅವನಿಗೆ."

"ಅಷ್ಟು ಸುತ್ತಿದ್ದಕ್ಕೇ ಅಲ್ವೇನೆ ಹೊಟ್ಟೆ ಕೆಟ್ಟಿದ್ದು."

ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಅಷ್ಟರಲ್ಲಿ ಇವರು ಊಟಕ್ಕೆಂದು ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ, ಎಲ್ಲವನ್ನೂ ಕೇಳಿಸಿಕೊಂಡಿದ್ದರು ಎಂದೇ ಇಟ್ಟುಕೊಳ್ಳಿ. ಅಕ್ಕ ತಿರುಗಿ, "ಹೌದೇನಪ್ಪಾ? ನಮಗೊಂದು ದಿನ ಹೇಳಲೇ ಇಲ್ಲ" ಅಂದಳು. ಇವರು ಗೋಡೆ ನೋಡಿದರು, ನನ್ನ ಮುಖ ನೋಡಿದರು. ನಾನು ಹೇಗೆ ನಿಂತಿದ್ದೆನೋ ಏನೋ.

"ಹೂಂ" ಅಂದರು. ಅಂದು ಕೈ ತೊಳೆಯಲು ಹೋದರು.

ಆ ಒಂದು ಹೂಂ ಹದಿನಾರು ವರ್ಷ ಬಾಳಿಕೆ ಬಂತು. ಆ ಮಧ್ಯಾಹ್ನ ಅಕ್ಕ ಹೋದ ಮೇಲೆ ಅವರು ಹೇಳಿದ್ದು ಇಷ್ಟೇ: "ಹಾಗೆಲ್ಲ ಹೇಳಬಾರದಿತ್ತು ಕಣೆ." ನಾನು, "ಯಾರಿಗೇನು ನಷ್ಟ ಆಯ್ತು? ಹೊಟ್ಟೆಗೆ ಹಾಕ್ಕೊಳ್ಳಿ" ಅಂದೆ. ಹಾಕಿಕೊಂಡರು.

ಮೊಳೆಗಳು ಮೂರರಿಂದ ಐದಾದವು, ಐದರಿಂದ ಹನ್ನೆರಡಾದವು. ಒಂದೊಂದು ಮೊಳೆಗೂ ನನ್ನ ಹತ್ತಿರ ಒಂದೊಂದು ಕಥೆ. ಚಿಪ್ಪಿಗೆ ಬಿರುಗಾಳಿ, ಬೀಗದ ಕೈಗೆ ಸುಟ್ಟುಹೋದ ಹೋಟೆಲು. ಬೀದಿಯ ಹೆಂಗಸರು ಸಂಜೆ ಬಂದು ಕೂರುವರು. ಯಾರಾದರೂ ಇವರನ್ನೇ ನೇರ ಕೇಳಿದರೆ, "ಅವಳನ್ನ ಕೇಳಿ, ನನಗಿಂತ ಅವಳಿಗೇ ಚೆನ್ನಾಗಿ ನೆನಪಿದೆ" ಅನ್ನುವರು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ. ಅದು ಅವರು ಸುಳ್ಳಾಡದೆ ಉಳಿಯಲು ಕಂಡುಕೊಂಡಿದ್ದ ಸಂದು ಎಂದು ನನಗೆ ಹೊಳೆಯಲೇ ಇಲ್ಲ.

ಆಮೇಲೆ ಕೊಂಬು ಬಂದವು. ಯಾರೋ ಲಾಡ್ಜಿಗೆ ಬಂದಿದ್ದವರು ಹಳೆಯ ಉದ್ದನೆಯ ಪೆಟ್ಟಿಗೆಯೊಂದನ್ನು ರಿಪೇರಿಗೆ ಕೊಟ್ಟು ತಿರುಗಿ ಬರಲೇ ಇಲ್ಲ. ಒಳಗೆ ಗೋಣಿಚೀಲದಲ್ಲಿ ಸುತ್ತಿದ ಎರಡು ಜಿಂಕೆ ಕೊಂಬು, ಬಿಡಿಬಿಡಿ. ವರ್ಷ ತುಂಬಿದ ಮರುದಿನ ಅವನ್ನು ಮನೆಗೆ ತಂದರು. ನನಗೆ ನಿಧಿ ಸಿಕ್ಕಷ್ಟು ಸಂತೋಷ. ಅಕ್ಕನ ಗಾಜಿನ ಬೀರುವಿನಲ್ಲಿ ಕೊಂಬು ಇರಲಿಲ್ಲ.

"ಹಲಗೆಗೆ ಕೂರಿಸಿಕೊಡಿ" ಅಂದೆ. ಅವರಿಗೆ ಇಷ್ಟವಿರಲಿಲ್ಲ. ಇಲಿ ಬೋನಿಗೆ ಬಿದ್ದರೆ ಅದನ್ನು ಬೋನು ಸಮೇತ ಬಯಲಿಗೆ ಒಯ್ದು ಬಿಟ್ಟು ಬರುವ ಮನುಷ್ಯ. ಆದರೂ ಹಳೆಯ ಟ್ರಂಕಿನ ಮರದ ಮುಚ್ಚಳವನ್ನು ಕತ್ತರಿಸಿ, ಉಜ್ಜಿ, ಬುಡಕ್ಕೆ ಚರ್ಮದ ಪಟ್ಟಿ ಸುತ್ತಿ, ಸೂಟ್‌ಕೇಸಿನ ಹಿಡಿಗೆ ಹೊಡೆಯುವ ರಿವೆಟ್ಟುಗಳನ್ನೇ ಹೊಡೆದರು. ಕೂರಿಸುವಾಗ ಒಂದು ಸಲ ಕೈ ನಿಲ್ಲಿಸಿ, "ಇವೆರಡೂ ಜೋಡಿ ಅಲ್ಲ ಅನ್ಸುತ್ತೆ ಕಣೆ. ಒಂದರ ಬಾಗು ಕೂರ್ತಾನೇ ಇಲ್ಲ" ಅಂದರು.

"ಯಾರು ಏಣಿ ಹಾಕಿ ನೋಡ್ತಾರೆ? ತಿರುಗಿಸಿ ಕೂರಿಸಿ."

ಒಂದು ಹಿಡಿ ಸೊಟ್ಟಗಿದ್ದರೆ ಸರಿಮಾಡದೆ ಬಿಡದ ಕೈ ಅದು. ತಿರುಗಿಸಿ, ಎರಡೂ ಕಡೆ ಸಮನಾಗಿ ಕಾಣುವ ಹಾಗೆ ಕೂರಿಸಿದರು. ಬೂಟ್ ಪಾಲಿಶ್ ಹಾಕಿ ತಿಕ್ಕಿದ ಮೇಲೆ ಅರಮನೆಯಿಂದ ಇಳಿಸಿಕೊಂಡು ಬಂದ ಹಾಗಿತ್ತು. ನಾನು ಆ ಕೊಂಬಿಗೆ ಕಟ್ಟಿದ ಕಥೆಯನ್ನು ಇಲ್ಲಿ ಬರೆಯುವುದಿಲ್ಲ. ಸಾಹೇಬರ ಗುರಿ ತಪ್ಪಿ, ಇವರು ಬಂದೂಕು ಕಸಿದುಕೊಂಡು, ಇತ್ಯಾದಿ. ಅಂದಿನಿಂದ ಇವರ ಹೆಸರು ಶಿಕಾರಿ. ತರಕಾರಿಯವನೂ ಶಿಕಾರಿ, ಅಂಚೆಯವನೂ ಶಿಕಾರಿ. ಇವರು ಮಾತ್ರ ಊಟಕ್ಕೆ ಕೂರುವಾಗ ತಟ್ಟೆ ಎತ್ತಿಕೊಂಡು ಆ ಗೋಡೆಗೆ ಬೆನ್ನು ಹಾಕಿ ಕೂರತೊಡಗಿದರು. ಫ್ಯಾನಿನ ಗಾಳಿ ಈ ಕಡೆ ಚೆನ್ನಾಗಿ ಬರುತ್ತದೆ ಎಂದು ನಾನು ತಿಳಿದುಕೊಂಡೆ.

ಅಕ್ಕನ ಮಗಳ ಮದುವೆಯಾಯಿತು. ಮದುವೆಯಾದ ವರ್ಷ ಅಕ್ಕ ತನ್ನ ಬೀಗರನ್ನು ಕರೆದುಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದಳು. ಅಕ್ಕ, ಭಾವ, ಬೀಗರು, ಬೀಗಿತ್ತಿ. ಜೊತೆಗೆ, ದೊಡ್ಡವರು ಬಂದಿದ್ದಾರೆಂದು ಇಣುಕಿದ ಪಕ್ಕದ ಮನೆಯ ಟೈಲರು ಮತ್ತು ಅವನ ಹೆಂಡತಿ. ಬೀಗರು ಅರಣ್ಯ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದವರೆಂದು ಅಕ್ಕ ಮೊದಲೇ ಹೇಳಿದ್ದಳು. ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಕಾಡು ಬಲ್ಲವರು ಬರುತ್ತಾರೆ ಎಂದು ಹಿಂದಿನ ದಿನ ಕೊಂಬಿಗೆ ಇನ್ನೊಂದು ಕೈ ಪಾಲಿಶ್ ಹಾಕಿದ್ದೆ. ಅಷ್ಟರಮಟ್ಟಿಗೆ ನನ್ನ ಸುಳ್ಳನ್ನು ನಾನೇ ನಂಬಿದ್ದೆ.

"ನಮ್ಮ ತಂಗಿ ಗಂಡ ದೊಡ್ಡ ಶಿಕಾರಿ" ಎಂದಳು ಅಕ್ಕ, ಹೆಮ್ಮೆಯಿಂದಲೇ.

ಬೀಗರು ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಹೋದರು. ಕೊಂಬಿನ ಬುಡದ ಚರ್ಮದ ಪಟ್ಟಿಯನ್ನು ಬೆರಳಲ್ಲಿ ಸವರಿ, "ಈ ಕೆಲಸ ಬಹಳ ಚೆನ್ನಾಗಿದೆ" ಅಂದರು. ಅದು ನಿಜವಾದ ಮೆಚ್ಚುಗೆ. ಆಮೇಲೆ ಮೆಲ್ಲಗೆ, ತಪ್ಪು ಹುಡುಕುವ ಧ್ವನಿಯಲ್ಲಲ್ಲ, ತಮಗೆ ಗೊತ್ತಿರುವುದನ್ನು ಹೇಳದೆ ಇರಲಾಗದ ಮನುಷ್ಯನ ಹಾಗೆ ಹೇಳಿದರು: "ಆದರೆ ಇವೆರಡೂ ಎಡಗೊಂಬು."

"ಅಂದ್ರೆ?" ಎಂದರು ಭಾವ.

"ಒಂದೇ ಪ್ರಾಣಿದಲ್ಲ. ಬುಡದ ಮೊದಲನೇ ಕವಲು ಮುಂದಕ್ಕೆ ಬರಬೇಕು. ಇದರದು ಬಂದಿದೆ. ಅದರದು ನೋಡಿ, ಗೋಡೆ ಕಡೆ ತಿರುಗಿದೆ. ಮತ್ತೆ ಇವು ಹೊಡೆದ ಪ್ರಾಣಿದೂ ಅಲ್ಲ. ಪಟ್ಟಿ ಸಂದಿಯಲ್ಲಿ ಬುಡ ಕಾಣುತ್ತೆ ನೋಡಿ, ದುಂಡಗಿದೆ, ಬುರುಡೆ ಚೂರು ಇಲ್ಲ. ಉದುರಿದ ಕೊಂಬು. ಜಿಂಕೆ ವರ್ಷಕ್ಕೊಂದು ಸಲ ಉದುರಿಸುತ್ತೆ. ಕಾಡಲ್ಲಿ ನಡೆದರೆ ಕಾಲಿಗೆ ಸಿಗ್ತವೆ."

ಭಾವನಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಹೊಟ್ಟೆ ಹಿಡಿದು ನಕ್ಕರು. "ಏನಪ್ಪಾ ಶಿಕಾರಿ, ಜಿಂಕೆ ಕೊಂಬು ಬಿಚ್ಚಿಟ್ಟು ಓಡಿಹೋಯ್ತಾ?" ಟೈಲರು ನಕ್ಕ. ಟೈಲರನ ಹೆಂಡತಿ ಸೆರಗು ಬಾಯಿಗೆ ಹಿಡಿದಳು. ಇವರು ಕುರ್ಚಿಯ ತುದಿಯಲ್ಲಿ ಕೂತು ತಮ್ಮ ಬೆರಳುಗಳ ಮೇಣ ಕೆರೆದುಕೊಳ್ಳುತ್ತಿದ್ದರು. ನಗೆ ಅಲ್ಲಿಗೇ ಮುಗಿದಿದ್ದರೆ ನಾಲ್ಕು ದಿನ ಮುಖ ಮುಚ್ಚಿಕೊಂಡು ಓಡಾಡಿದರೆ ಆಗುತ್ತಿತ್ತು. ಆದರೆ ಭಾವ ಗೋಡೆಯ ಉಳಿದ ಮೊಳೆಗಳನ್ನು ನೋಡಿದರು. ನಗುವುದನ್ನು ನಿಲ್ಲಿಸಿದರು.

"ಇದು ಸುಳ್ಳಾದ್ರೆ ಉಳಿದದ್ದು? ಈ ಬೀಗದ ಕೈ, ಈ ನಾಣ್ಯ? ಇದೆಲ್ಲ ನಿನ್ನ ಹತ್ತಿರ ಎಲ್ಲಿಂದ ಬಂತು?"

"ಅಂಗಡಿದು ಅಣ್ಣ. ಪೆಟ್ಟಿಗೆ ಲೈನಿಂಗ್ ಹಿಂದೆ ಸಿಕ್ಕಿದ್ದು."

"ಅಂದ್ರೆ ಗಿರಾಕಿಗಳ ಪೆಟ್ಟಿಗೆದು."

"ಒಂದು ವರ್ಷ ಇಟ್ಟು ಕಾಯ್ತೀನಿ. ಚೀಟಿ ಕಟ್ಟಿ, ಬಾಗಿಲಲ್ಲೇ. ಯಾರೂ ಬರದಿದ್ರೆ ಮಾತ್ರ..."

"ಹದಿನಾರು ವರ್ಷ ದೇಶ ಸುತ್ತಿದೋನು, ಶಿಕಾರಿ ಅಂತ ನಂಬಿಸಿದೋನು. ಈಗ ಒಂದು ವರ್ಷ ಕಾಯ್ತೀನಿ ಅಂದ್ರೆ ನಾವು ಹೂಂ ಅನ್ನಬೇಕಾ?"

ಬೀಗಿತ್ತಿ ಮಡಿಲಲ್ಲಿದ್ದ ತಮ್ಮ ಕೈಚೀಲವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮಾಡಿದ್ದು. ಅದನ್ನು ಇವರು ನೋಡಿದರು. ಬೇರೆಯವರ ಬೀಗದ ಕೈ ಇಟ್ಟುಕೊಂಡೇ ಬದುಕಿದ ಮನುಷ್ಯ ಅದನ್ನು ನೋಡಿದರು.

ಅಕ್ಕ ನನ್ನ ಕಡೆ ತಿರುಗಿದಳು. "ಮತ್ತೆ ಆ ಸಾಹೇಬರು? ಹಡಗು? ಏನೇ ಇದು?"

ಇವರೂ ನನ್ನನ್ನು ನೋಡಿದರು. ಹೇಳು ಎಂಬ ನೋಟವಲ್ಲ, ಬೇಡ ಎಂಬ ನೋಟವೂ ಅಲ್ಲ. ಮಳೆ ಬರುವ ಹಾಗಿದ್ದರೆ ಆಕಾಶ ನೋಡುತ್ತೇವಲ್ಲ, ಹಾಗೆ. ಒಂದೇ ಮಾತು ಸಾಕಿತ್ತು. ಇದೆಲ್ಲ ನಾನು ಹೇಳಿದ್ದು, ಅವರು ಒಂದು ದಿನವೂ ಹೇಳಿಲ್ಲ. ಇಷ್ಟೇ. ಬಾಯಿ ತೆಗೆದರೆ ಮುಚ್ಚದವಳು ಎಂದು ಬೀದಿಯೆಲ್ಲ ಆಡಿಕೊಳ್ಳುವ ನಾನು, "ನೀರು ತರ್ತೀನಿ" ಎಂದು ಎದ್ದು ಒಳಗೆ ಹೋದೆ.

ನಲ್ಲಿಯ ಕೆಳಗೆ ಚೊಂಬು ಹಿಡಿದೆ. ತುಂಬಿತು, ತುಳುಕಿತು, ಕೈಮೇಲೆ ಹರಿಯಿತು. ಹೊರಗಿನಿಂದ ಇವರ ಧ್ವನಿ ಕೇಳಿಸಿತು. "ತಪ್ಪು ನಂದೇ ಅತ್ತಿಗೆ. ದೊಡ್ಡಸ್ತಿಕೆಗೆ ಹೇಳ್ಕೊಂಡೆ. ಅವಳಿಗೂ ನಾನೇ ಹಾಗೆ ಹೇಳಿ ನಂಬಿಸಿದ್ದೆ. ಅವಳನ್ನ ಏನೂ ಅನ್ನಬೇಡಿ." ಅಷ್ಟು ಉದ್ದದ ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ಕೇಳಿದೆ. ನಾನು ನಲ್ಲಿ ನಿಲ್ಲಿಸಲಿಲ್ಲ. ನೀರು ಹರಿಯುತ್ತಿರುವಷ್ಟು ಹೊತ್ತು ಹೊರಗೆ ಹೋಗದಿರಲು ನನಗೊಂದು ನೆವವಿತ್ತು.

ಅವರೆಲ್ಲ ಹೋದ ಮೇಲೆ ಇವರು ಕುರ್ಚಿ ಹಾಕಿಕೊಂಡು ಒಂದೊಂದನ್ನೇ ಗೋಡೆಯಿಂದ ಇಳಿಸಿ ಚೀಲಕ್ಕೆ ಹಾಕಿದರು. ಕೊಂಬಿನ ಹಲಗೆಯನ್ನು ಕೊನೆಗೆ ಇಳಿಸಿದರು. "ಮೊಳೆನೂ ಕೀಳಲಾ?" ಎಂದು ಕೇಳಿದರು. ನಾನು ಚೊಂಬು ಇಡುವ ನೆವದಲ್ಲಿ ಮತ್ತೆ ಒಳಗೆ ಹೋದೆ. ಹಾಗಾಗಿ ಮೊಳೆಗಳು ಉಳಿದವು.

ಬೇರೆಯವರ ನಾಲಿಗೆಯಿಂದ ಹೊರಬಿದ್ದ ಮಾತಿಗಿಂತ ಟೈಲರನ ಹೆಂಡತಿಯಿಂದ ಹೊರಬಿದ್ದ ಮಾತಿಗೆ ವೇಗ ಜಾಸ್ತಿ. ವಾರದೊಳಗೆ ಬಸ್ ನಿಲ್ದಾಣದ ತನಕ ಸುದ್ದಿ ಹೋಗಿತ್ತು. ಶಿಕಾರಿ ಕಾಡಲ್ಲಿ ಶಿಕಾರಿ ಮಾಡಿಲ್ಲವಂತೆ, ಸೂಟ್‌ಕೇಸಿನಲ್ಲಿ ಮಾಡಿದ್ದಾನಂತೆ. ಹೊಸ ಬ್ಯಾಗು ಮಾರುವ ಅಂಗಡಿಯವನು ತನ್ನ ರಿಪೇರಿ ಕೆಲಸವನ್ನೆಲ್ಲ ಬೇರೆ ಕಡೆ ಕಳಿಸತೊಡಗಿದ. ಇಪ್ಪತ್ತು ವರ್ಷದ ಸ್ನೇಹವಿದ್ದ ಲಾಡ್ಜಿನ ಮ್ಯಾನೇಜರು ಮೆಟ್ಟಿಲು ಇಳಿಯುವಾಗ ಬೇರೆ ಕಡೆ ನೋಡುತ್ತಿದ್ದ. ಇವರು ಚೀಲದಲ್ಲಿ ಒಯ್ದದ್ದನ್ನೆಲ್ಲ ಅಂಗಡಿಯ ಹೊರಗೆ ಹಲಗೆ ಹೊಡೆದು ನೇತುಹಾಕಿ, ಬಿಸ್ಕತ್ತಿನ ಡಬ್ಬಿಯಿಂದ ಹಳೆಯ ಚೀಟಿಗಳನ್ನು ತೆಗೆದು ಯಾವುದರದ್ದು ಯಾವುದಕ್ಕೋ ಅದಕ್ಕೇ ಕಟ್ಟಿದ್ದರು. ಒಂದೂ ಅದಲುಬದಲಾಗಿರಲಿಲ್ಲ. ಅದನ್ನು ನಿಂತು ಓದುವ ವ್ಯವಧಾನ ಯಾರಿಗಿರುತ್ತದೆ?

ಇಷ್ಟಾದರೂ ಇವರು ಮನೆಯಲ್ಲಿ ನಿನ್ನಿಂದಾಯಿತು ಎನ್ನಲಿಲ್ಲ. ಅಂದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಹೊತ್ತಿಗೆ ಸರಿಯಾಗಿ ಬಂದು ಉಂಡು ಹೋಗುತ್ತಿದ್ದರು. ಈಗ ಗೋಡೆಗೆ ಮುಖ ಮಾಡಿಯೇ ಕೂರುತ್ತಿದ್ದರು.

ಐದು ತಿಂಗಳು ನಾನು ಹಾಗೇ ಕಳೆದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಆಮೇಲೊಂದು ದಿನ ಅವರು ಊಟಕ್ಕೆ ಬರಲು ತಡವಾಯಿತೆಂದು ಡಬ್ಬಿ ತೆಗೆದುಕೊಂಡು ನಾನೇ ಅಂಗಡಿಗೆ ಹೋದೆ. ಒಬ್ಬ ಹೆಂಗಸು ಹೊಲಿದ ಬ್ಯಾಗನ್ನು ವಾಪಸು ತೆಗೆದುಕೊಳ್ಳುತ್ತಿದ್ದಳು. ಇವರು ಬ್ಯಾಗನ್ನು ಅವಳೆದುರೇ ಬೋರಲು ಮಾಡಿ ಕೊಡವಿದರು. ಲೈನಿಂಗನ್ನು ಹೊರಗೆ ಎಳೆದು ತೋರಿಸಿದರು. ಜೇಬುಗಳ ಜಿಪ್ಪು ಒಂದೊಂದಾಗಿ ತೆಗೆದರು. ಕೊನೆಗೆ, ಅವಳು ಕೇಳದಿದ್ದರೂ, ತಮ್ಮ ಎರಡೂ ಅಂಗೈಯನ್ನು ಬಿಡಿಸಿ ಅವಳ ಮುಂದೆ ಹಿಡಿದರು. ಅವಳು ನೋಡಿ ತಲೆಯಾಡಿಸಿ ಹೋದಳು. ಪ್ರತಿಯೊಬ್ಬರಿಗೂ ಹಾಗೆ ತೋರಿಸುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು ಎಂದು ಆ ಕೈಗಳ ಸಲೀಸು ನೋಡಿಯೇ ಗೊತ್ತಾಯಿತು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಡಬ್ಬಿ ಇಟ್ಟು, ಅಲ್ಲಿಂದಲೇ ನೇರ ಅಕ್ಕನ ಮನೆಗೆ ನಡೆದೆ.

ಅದೃಷ್ಟವೋ ದುರದೃಷ್ಟವೋ, ಬೀಗರೂ ಅಲ್ಲೇ ಇದ್ದರು. ನಾನು ಕೂರಲೂ ಇಲ್ಲ. ನಿಂತೇ ಎಲ್ಲ ಹೇಳಿದೆ. ಡಬ್ಬ ಎಳೆದದ್ದು ನಾನು, ಮೊಳೆ ಹೊಡೆದದ್ದು ನಾನು, ಸಾಹೇಬನನ್ನು ಹುಟ್ಟಿಸಿದ್ದು ನಾನು, ಕೊಂಬು ತಿರುಗಿಸಿ ಕೂರಿಸಿ ಎಂದದ್ದೂ ನಾನೇ. ಇವರು ಅಂದದ್ದು ಒಂದು ಹೂಂ. ಅಕ್ಕನ ಮೇಲಿನ ಹೊಟ್ಟೆಕಿಚ್ಚನ್ನೂ ಅವಳ ಮುಖ ನೋಡಿಕೊಂಡೇ ಹೇಳಿದೆ. ಹೇಳಿ ಮುಗಿಸಿ ಬೈಗುಳಕ್ಕೆ ಕಾದೆ.

ಅಕ್ಕ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಕಣ್ಣಲ್ಲಿ ನೀರು. "ನೋಡಿದ್ರಾ?" ಎಂದಳು ಭಾವನಿಗೆ. "ಗಂಡನ ತಪ್ಪನ್ನೆಲ್ಲ ತನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಬಂದಿದಾಳೆ."

"ಅಕ್ಕಾ, ನಿಜ ಹೇಳ್ತಿದೀನಿ. ನಾನೇ ಮಾಡಿದ್ದು."

"ಸುಮ್ನಿರೇ. ಅವತ್ತು ಅವನೇ ಒಪ್ಪಿಕೊಂಡಾಯ್ತಲ್ಲ. ನಿಂದಾಗಿದ್ರೆ ಅವತ್ತೇ ನೀನು ಹೇಳ್ತಿದ್ದೆ. ನಿನ್ನ ಬಾಯಿ ನನಗೆ ಗೊತ್ತಿಲ್ವಾ? ತಪ್ಪು ಮಾಡಿ ಒಳಗೆ ಹೋಗಿ ನಿಂತುಕೊಳ್ಳೋಳಲ್ಲ ನೀನು."

ನಾನು ಕೂಗಾಡಿದೆ. ಕೂಗಾಡಿದಷ್ಟೂ ಅವರ ಕಣ್ಣಲ್ಲಿ ನಾನು ದೊಡ್ಡವಳಾಗುತ್ತಿದ್ದೆ. ಭಾವ, "ಬಿಡಮ್ಮ, ಆದದ್ದಾಯ್ತು. ನಿನ್ನ ಮುಖ ನೋಡಿ ನಾವು ಮರೀತೀವಿ" ಅಂದರು. ಬೀಗರು ಮಾತ್ರ ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಕಾಡು ನೋಡಿದ ಕಣ್ಣು, ನಿಜ ಬೀಗರಿಗೆ ಗೊತ್ತಾಯಿತು ಎಂದುಕೊಂಡೆ. ಅವರು ಹೇಳಿದ್ದು, "ಇಂಥ ಹೆಣ್ಣುಮಗಳು ಇರೋ ಮನೇಲಿ ಕಳ್ಳತನ ಇರೋದಿಲ್ಲ."

ಅಂಗಡಿಗೆ ವಾಪಸು ಬಂದು ಇವರಿಗೆ ಹೇಳಿದೆ. "ತಪ್ಪಾಯ್ತು ರೀ" ಎಂದೂ ಅಂದೆ. ಹದಿನಾರು ವರ್ಷ ಐದು ತಿಂಗಳಾದ ಮೇಲೆ ಬಂದ ಮಾತು. ಅವರು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದರು.

"ನಂಬಿದ್ರಾ?"

"ಇಲ್ಲ."

ಅವರು ನಕ್ಕರು. ಆ ಭಾನುವಾರದ ನಂತರ ಮೊದಲ ಸಲ. "ಸುಳ್ಳನ್ನ ಎಷ್ಟು ಚೆನ್ನಾಗಿ ಹೇಳ್ತಿದ್ದೆ. ನಿಜ ಹೇಳಿ ನಿನಗೆ ಅಭ್ಯಾಸ ಇಲ್ಲ ಕಣೆ."

"ನೀವಾದರೂ ಹೇಳಿ. ನಿಮ್ಮ ಬಾಯಿಂದ ಬಂದರೆ ನಂಬ್ತಾರೆ."

"ನಾನು ಹೇಳಿದ್ರೆ ಹೆಂಡತಿ ಮೇಲೆ ಹಾಕಿ ಬಚಾವಾಗ್ತಾನೆ ಅಂತಾರೆ" ಎಂದರು. ಕೋಪದಿಂದಲ್ಲ. ಹಿಡಿ ಎಲ್ಲಿ ಮುರಿದಿದೆ ಎಂದು ಗಿರಾಕಿಗೆ ತೋರಿಸುವ ಹಾಗೆ. "ಆ ಜಿಪ್ಪಿಗೆ ಸ್ವಲ್ಪ ಮೇಣ ಹಚ್ಚು."

ಹತ್ತು ದಿನದ ನಂತರ ಬೀಗರು ತಮ್ಮ ಹಳೆಯ ಟ್ರಂಕು ಹೊರಿಸಿಕೊಂಡು ಅಂಗಡಿಗೆ ಬಂದರು. ಎಲ್ಲರಿಗೂ ಕೇಳುವ ಹಾಗೆ, "ಬೀಗದ ಕೈ ಇಟ್ಕೊಳ್ಳಿ, ನಿಧಾನಕ್ಕೆ ಮಾಡಿ" ಎಂದು ಹೇಳಿ ಹೋದರು. ಗಂಡನ ತಪ್ಪು ಹೊರಲು ಬಂದ ನನ್ನ ಕಥೆಯನ್ನೂ ಅವರು ನಾಲ್ಕು ಕಡೆ ಹೇಳಿದ್ದರು, ಟೈಲರನ ಹೆಂಡತಿ ನಲವತ್ತು ಕಡೆ ಹೇಳಿದಳು. ಮೆಲ್ಲಗೆ ಕೆಲಸ ವಾಪಸು ಬಂತು. ಲಾಡ್ಜಿನ ಮ್ಯಾನೇಜರು ಮಾತಾಡಿದ. ನಾನು ಹೇಳಿದ ನಿಜವನ್ನು ಜನ ಸುಳ್ಳೆಂದು ತಿಳಿದದ್ದರಿಂದ ನನ್ನ ಗಂಡನ ಹೊಟ್ಟೆಪಾಡು ಉಳಿಯಿತು. ಹೆಸರು ಉಳಿಯಲಿಲ್ಲ. ಸುಳ್ಳು ಹೇಳಿ ಹೆಂಡತಿಯ ಪುಣ್ಯದಿಂದ ಪಾರಾದವನು ಎಂಬುದು ಈಗ ಅವರ ಹೆಸರು. ನನಗೆ ಸಿಕ್ಕಿರುವ ಹೆಸರು ಬೇರೆ.

ಈಗ ಅರ್ಧ ದಿನ ನಾನೂ ಅಂಗಡಿಯಲ್ಲಿ ಕೂತು ಜಿಪ್ಪು ಹೊಲಿಯುತ್ತೇನೆ. ಕೊಂಬಿನ ಹಲಗೆ ಹೊರಗೆ ಚೀಟಿ ಕಟ್ಟಿಕೊಂಡು ನೇತಾಡುತ್ತಿದೆ. ಇವರು ಈಗಲೂ ಬ್ಯಾಗು ಕೊಡುವಾಗ ಎರಡೂ ಅಂಗೈ ಬಿಡಿಸಿ ತೋರಿಸುತ್ತಾರೆ, ಬೇಡವೆಂದರೂ ಬಿಡುವುದಿಲ್ಲ. ಪ್ರತಿ ಸಲವೂ ನಾನು ತಲೆ ತಗ್ಗಿಸುತ್ತೇನೆ.

ಮೊನ್ನೆ ಒಬ್ಬ ವಯಸ್ಸಾದ ಗಿರಾಕಿ ಚಕ್ರ ಹಾಕಿಸಿಕೊಳ್ಳುತ್ತ ಕೊಂಬಿನ ಕಡೆ ನೋಡಿದರು, ಇವರ ಕಡೆ ನೋಡಿದರು, ಕೊನೆಗೆ ನನ್ನ ಕಡೆ ನೋಡಿದರು. ಅವರಿಗೂ ಯಾರೋ ಹೇಳಿದ್ದರು.

"ಇಂಥ ಹೆಂಡತಿ ಸಿಗಬೇಕಾದ್ರೆ ಪುಣ್ಯ ಮಾಡಿರಬೇಕು ಕಣಪ್ಪಾ" ಎಂದರು ಇವರಿಗೆ.

ನಾನು ಕೈಯಲ್ಲಿದ್ದ ಜಿಪ್ಪು ಬಿಟ್ಟು ಬಾಯಿ ತೆರೆದೆ. ಅದಕ್ಕೆ ಮೊದಲೇ ಇವರು, ಚಕ್ರದ ಮೇಲಿನ ಕಣ್ಣು ತೆಗೆಯದೆ, ಹೇಳಿಬಿಟ್ಟಿದ್ದರು.

"ಹೂಂ."